ಯುದ್ಧವನ್ನೇ ಕಾಣದ ಬಾಂಬೆ ಹಡಗು

ಮುಂಬೈನಲ್ಲಿರೋರು ಫೋರ್ಟ್‌ನ ಲಯನ್ ಗೇಟ್ ಮುಂದೆ ಎಷ್ಟೋ ಸಲ ಓಡಾಡಿರ್ತೀರಿ. ಆ ಗೋಡೆ ಹಿಂದಿನ ಡಾಕ್‌ಯಾರ್ಡ್‌ನಲ್ಲಿ 1817ರ ಅಕ್ಟೋಬರ್ 12ರಂದು ನೀರಿಗಿಳಿದ ಒಂದು ಹಡಗು ಇವತ್ತಿಗೂ ಇಂಗ್ಲೆಂಡಿನಲ್ಲಿ ತೇಲ್ತಾ ಇದೆ. ಹೆಸರು ಎಚ್‌ಎಂಎಸ್ ಟ್ರಿಂಕೋಮಲಿ. ಕಟ್ಟಿದವರು ಪಾರ್ಸಿ ವಾಡಿಯಾ ಮನೆತನದ ಜಮ್‌ಷೆಡ್‌ಜಿ ಬೊಮನ್‌ಜಿ.

ಇದರ ನಕ್ಷೆ ಹೊತ್ತು ಬರ್ತಿದ್ದ ಜಾವಾ ಅನ್ನೋ ಹಡಗನ್ನು 1812ರಲ್ಲಿ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಸೋಲಿಸಿತು. ನಕ್ಷೆ ಮತ್ತೆ ಕಳಿಸಬೇಕಾಯ್ತು. 1816ರಲ್ಲಿ ಕೆಲಸ ಶುರುವಾಗೋ ಹೊತ್ತಿಗೆ ನೆಪೋಲಿಯನ್ ಯುದ್ಧವೇ ಮುಗಿದಿತ್ತು! 1819ರಲ್ಲಿ ಪೋರ್ಟ್ಸ್‌ಮತ್ ತಲುಪಿದ್ದೇ ತಡ, ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬೆಂಚ್. ಅದೂ 25 ವರ್ಷಕ್ಕೂ ಹೆಚ್ಚು.

1847ರಲ್ಲಿ ಫಿರಂಗಿಗಳನ್ನು 26ಕ್ಕೆ ಇಳಿಸಿ ಉತ್ತರ ಅಮೆರಿಕ, ವೆಸ್ಟ್ ಇಂಡೀಸ್ ಕಡೆ ಕಳಿಸಿದ್ರು; 1852ರಿಂದ 57ರವರೆಗೆ ಪೆಸಿಫಿಕ್. ಕ್ರಿಮಿಯನ್ ಯುದ್ಧ ನಡೀತಿದ್ರೂ ಇದಕ್ಕೆ ಕಾದಾಟ ಸಿಗಲಿಲ್ಲ.

ಹಾಗಾದ್ರೆ ಉಳಿದದ್ದು ಬರೀ ಅದೃಷ್ಟದಿಂದಲಾ? ಅಲ್ಲ, ಮಲಬಾರಿನ ತೇಗದಿಂದ. ಓಕ್ ಮರದ ಆಮ್ಲ ಕಬ್ಬಿಣದ ಮೊಳೆಯನ್ನು ತಿನ್ನುತ್ತೆ. ತೇಗದ ಎಣ್ಣೆ ಅದಕ್ಕೆ ತುಕ್ಕು ಹಿಡಿಯದ ಹಾಗೆ ಕಾಯುತ್ತೆ. ಈ ಮಾತನ್ನು ಬ್ರಿಟಿಷ್ ನೌಕಾಪಡೆಯ ಶ್ರೇಯಸ್ಸಿನ ಕತೆಗಳಲ್ಲಿ ಸಾಕಷ್ಟು ಹೇಳಲ್ಲ ಅನ್ನೋದು ನನ್ನ ತಕರಾರು.

1897ರಲ್ಲಿ ಗುಜರಿಗೆ ಮಾರಿದ್ದನ್ನು ವೀಟ್ಲಿ ಕಾಬ್ ಎಂಬಾತ ಕೊಂಡು, ಫೂಡ್ರಾಯಂಟ್ ಅಂತ ಹೆಸರು ಬದಲಿಸಿ ಹುಡುಗರ ತರಬೇತಿಗೆ ಇಟ್ಟ. ಹಳೇ ಹೆಸರು ವಾಪಸ್ ಬಂದಿದ್ದು 1992ರಲ್ಲಿ. ಹಡಗು ಹುಟ್ಟಿದ ಜಾಗ ನೌಕಾಪಡೆಯದ್ದು, ಸುಮ್ನೆ ಹೋದ್ರೆ ನಮ್ಮನ್ನು ಒಳಗೆ ಬಿಡಲ್ಲ. ಹಾರ್ಟಲ್‌ಪೂಲ್‌ಗೆ ಹೋದ್ರೆ ಮಾತ್ರ ಟಿಕೆಟ್ ತಗೊಂಡು ಹತ್ತಬಹುದು.