ಸಂತ ಮೇರಿ ದ್ವೀಪಗಳಾಚೆಯ ತಿಮಿಂಗಿಲ

ಕೃಷ್ಣೆಯ ದಡದ ಜಮಖಂಡಿ ಸೀಮೆಯವರಾದ ನಮಗೆ ಪ್ರವಾದಿ ಯೋನನ ತಿಮಿಂಗಿಲ ಬಹುದೂರದ ಮಾತು. (ಯೋನನ ಗ್ರಂಥ ಹೇಳುವುದು 'ದೊಡ್ಡ ಮೀನು' ಎಂದಷ್ಟೇ.) ಆದರೆ ನಮ್ಮ ರಾಜ್ಯದ ಕಡಲಲ್ಲೇ ತಿಮಿಂಗಿಲಗಳುಂಟು. ಮಲ್ಪೆಯಿಂದ ನಾವು ದೋಣಿಯಲ್ಲಿ ಹೋಗಿಬರುವ ಸಂತ ಮೇರಿ ದ್ವೀಪಗಳಲ್ಲಿ, 1498ರಲ್ಲಿ ಹಿಂದಿರುಗುತ್ತಿದ್ದ ವಾಸ್ಕೋ ಡ ಗಾಮ ಶಿಲುಬೆ ನೆಟ್ಟು ಮಾತೆ ಮರಿಯಳ ಹೆಸರಿಟ್ಟನೆಂಬ ಪ್ರತೀತಿಯಿದೆ. ಅವನಿಗಿಂತ ಎಷ್ಟೋ ಮೊದಲಿನ ನಿವಾಸಿ ಅರಬ್ಬೀ ಸಮುದ್ರದ ಗೂನುಬೆನ್ನಿನ ತಿಮಿಂಗಿಲ. ಬೇರೆ ಸಾಗರಗಳ ತನ್ನ ಬಳಗದಂತೆ ಅದು ಧ್ರುವದ ಕಡೆಗೆ ವಲಸೆ ಹೋಗುವುದಿಲ್ಲ. ಸುಮಾರು 70,000 ವರ್ಷಗಳಿಂದ ಪ್ರತ್ಯೇಕವಾಗಿ ಇಲ್ಲಿಯೇ ಬಾಳಿದೆ.

1965–66ರಲ್ಲಿ ಸೋವಿಯತ್ ಬೇಟೆ ಹಡಗುಗಳು ಇವುಗಳಲ್ಲಿ 242ನ್ನು ಕಾನೂನು ಮೀರಿ ಕೊಂದವು. ಗರ್ಭ ಧರಿಸಿದ ಹೆಣ್ಣುಗಳನ್ನೂ ಬಿಡಲಿಲ್ಲ. ಲೆಕ್ಕವನ್ನು ಮುಚ್ಚಿಟ್ಟರು, ಅದು ಬಯಲಾದದ್ದು 1990ರ ದಶಕದಲ್ಲಿ. ಒಮಾನ್ ತೀರದಲ್ಲಿ ಈಗ ಉಳಿದಿರುವುದು ನೂರಕ್ಕೂ ಕಡಿಮೆಯೆಂದು ಅಂದಾಜು.

ಅಲ್ಲಿ ಉಪಗ್ರಹ ಸಾಧನ ಅಳವಡಿಸಿದ್ದ ಒಂದು ಹೆಣ್ಣು, 2017ರ ಕೊನೆಗೆ ಸಮುದ್ರ ದಾಟಿ ಬಂದು ಭಾರತದ ಪಶ್ಚಿಮ ತೀರದಗುಂಟ ದಕ್ಷಿಣದ ತುದಿಯವರೆಗೂ ಈಜಿತು. ಹೆಸರು ಲುಬಾನ್. ಅರಬ್ಬಿಯಲ್ಲಿ ಹಾಗೆಂದರೆ ಜ್ಞಾನಿಗಳು ಬಾಲಯೇಸುವಿಗೆ ಅರ್ಪಿಸಿದ ಧೂಪ. ನಮ್ಮ ಕಡೆಯ 'ಲೋಬಾನ' ಎಂಬ ಮಾತಿನ ಮೂಲವೂ ಅದೇ. ತಿಮಿಂಗಿಲ ಮುಳುಗುವಾಗ ಬಾಲವೆತ್ತುತ್ತದೆ. ಸಣ್ಣ ದೋಣಿಯಲ್ಲಿ ಕುಳಿತವರು ಒಂದೊಂದನ್ನೂ ಗುರುತಿಸುವುದು ಆ ಬಾಲದ ಮಚ್ಚೆಗಳಿಂದ. ಇದರ ಬಾಲದ ಮೇಲಿತ್ತು, ಧೂಪದ ಮರದ ಆಕಾರ.