ಬೆಕ್ಕಿನ ಭಾಷೆ, ಸಾಕಿದವರ ನಂಟು

ಬೆಕ್ಕಿಗೆ ಮಮತೆಯಿರುವುದು ಮನೆಯ ಮೇಲೆ, ಮನುಷ್ಯರ ಮೇಲಲ್ಲ ಎಂಬುದು ರೂಢಿಯ ಮಾತು. ಸಂಶೋಧನೆಗಳು ಇದನ್ನು ಒಪ್ಪುವುದಿಲ್ಲ. ಬೆಳೆದ ಬೆಕ್ಕುಗಳು ಪರಸ್ಪರ ‘ಮಿಯಾಂವ್’ ಎನ್ನುವುದು ಅಪರೂಪ. ಮರಿ ತಾಯಿಯನ್ನು ಕರೆಯುವ ಈ ದನಿಯನ್ನು ಅವು ಮನುಷ್ಯರಿಗಾಗಿ ಉಳಿಸಿಕೊಂಡಿರುತ್ತವೆ. ಆಹಾರ ಬೇಡುವಾಗ ಕೆಲವು ಬೆಕ್ಕುಗಳ ಗುರುಗುಟ್ಟುವಿಕೆಯಲ್ಲಿ ಅಳುವಿನಂಥ ತೀಕ್ಷ್ಣ ಸ್ವರ ಬೆರೆತಿರುವುದನ್ನು ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಕರೆನ್ ಮೆಕ್‌ಕೂಂಬ್ ತಂಡ 2009ರಲ್ಲಿ ಗುರುತಿಸಿತು. ಅಮೆರಿಕದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ 2019ರ ಅಧ್ಯಯನದಲ್ಲಿ, ಎರಡು ನಿಮಿಷ ಅಗಲಿದ್ದ ಪಾಲಕರು ಮರಳಿದೊಡನೆ ಸುಮಾರು ಶೇ. 64ರಷ್ಟು ಮರಿಗಳು ಆತಂಕ ನೀಗಿ ನೆಮ್ಮದಿ ತಾಳಿದವು. ನಾವು ನಿಧಾನವಾಗಿ ಕಣ್ಣು ಮಿಟುಕಿಸಿದರೆ ಬೆಕ್ಕೂ ಹಾಗೆಯೇ ಸ್ಪಂದಿಸುವುದುಂಟು.

ಆದರೆ ಗುರುಗುಟ್ಟುವಿಕೆ ಸದಾ ಸುಖದ ಕುರುಹಲ್ಲ. ನೋವಿನಲ್ಲೂ ಬೆಕ್ಕು ಗುರುಗುಟ್ಟುತ್ತದೆ. ಆಹಾರ ಬಿಟ್ಟು ಮೂಲೆ ಸೇರಿದ ಬೆಕ್ಕನ್ನು ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು.