ಪಾರ್ಟು ಸಿಕ್ಕಿತಾ?

ಇಂಗ್ಲಿಷ್ ಕಲಿಯುವವರಿಗೆಂದು ಅಚ್ಚಾಗುವ ಪದಪಟ್ಟಿಗಳಲ್ಲಿ ಕಲೆ, ಸಂಸ್ಕೃತಿಗೆ ಒಂದು ಪುಟ ಮೀಸಲು. ಪ್ಲಾಟ್, ಕಾಸ್ಟ್, ಆಡಿಯನ್ಸ್, ಪರ್ಫಾರ್ಮೆನ್ಸ್, ಎಕ್ಸಿಬಿಷನ್, ಹೆರಿಟೇಜ್. ಮಕ್ಕಳು ಉರು ಹೊಡೆಯುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಆದರೆ ಅದೇ ಸಾಲಿಗೆ ಸೇರಿದ 'ಪಾರ್ಟ್' ಎಂಬ ಪದಕ್ಕೆ ಮಾತ್ರ ನಮ್ಮ ಹಳ್ಳಿಗಳಲ್ಲಿ ಶಾಲೆಯ ಹಂಗಿಲ್ಲ. ಎಬಿಸಿಡಿ ಬಾರದ ಅಜ್ಜನೂ "ಆ ವರ್ಷ ನಂದು ಭೀಮನ ಪಾರ್ಟು" ಎಂದು ಮೀಸೆ ತಿರುವುತ್ತಾನೆ.

ಅಂಚೆಟ್ಟಿ ಕಡೆಗೆ ಹೋದರೆ ಈ ಪದದ ನಂಟಸ್ತಿಕೆ ಇನ್ನೂ ದೊಡ್ಡದು. ಹೊಸೂರಿನಿಂದ ಡೆಂಕಣಿಕೋಟೆ ದಾಟಿ, ಕಾಡುಗುಡ್ಡಗಳ ನಡುವೆ ಹೊಗೆನಕಲ್ಲಿಗೆ ಇಳಿಯುವ ದಾರಿಯಲ್ಲಿ ಸಿಗುವ ಊರು ಇದು. 1965ರವರೆಗೆ ಸೇಲಂ ಜಿಲ್ಲೆ, ಆಮೇಲೆ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಜಿಲ್ಲೆಯ ಹೆಸರು ಬದಲಾಗುತ್ತ ಬಂದರೂ ಎಷ್ಟೋ ಮನೆಗಳಲ್ಲಿ ಒಲೆ ಮುಂದಿನ ಮಾತು ಕನ್ನಡವೇ. ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ತಮಿಳಿನ ಜೊತೆ ತೆಲುಗೂ ಉಂಟು. ಮೂರು ಭಾಷೆ ಬೆರೆಯುವ ಇಂಥ ಸೀಮೆಯಲ್ಲಿ ನಾಟಕವಾಡುವವನು ಏನು ಆಡುತ್ತಾನೆ ಎಂದು ಕೇಳಿದರೆ ಮೂರು ಉತ್ತರ ಬರುತ್ತವೆ: ವೇಷ, ಪಾತ್ರ, ಪಾರ್ಟು.

ಮೂರೂ ಒಂದೇ ಎಂದು ನಿಘಂಟು ಹೇಳೀತು. ಬಳಕೆ ಹಾಗೆ ಹೇಳುವುದಿಲ್ಲ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಲ್ಲಿ ದ್ರೌಪದಿಯಮ್ಮನ ಹಬ್ಬಕ್ಕೆ ತೆರುಕ್ಕೂತ್ತು ಆಡುತ್ತಾರೆ. ಹಗಲು ಭಾರತದ ಕಥೆ, ರಾತ್ರಿ ಆಟ, ಕೊನೆಗೆ ನೆಲದ ಮೇಲೆ ಮಣ್ಣಿನಲ್ಲಿ ಮಲಗಿಸಿದ ಭಾರೀ ದುರ್ಯೋಧನ. ಅಲ್ಲಿಯದು ವೇಷ, ಯಕ್ಷಗಾನದಲ್ಲೂ ಅದೇ ಮಾತು. ವೇಷ ಮೈಮೇಲೆ ಕಟ್ಟುವಂಥದ್ದು, ಕಿರೀಟ, ಭುಜಕೀರ್ತಿ, ಬಣ್ಣ ಸಮೇತ. ಪಾತ್ರ ಪುಸ್ತಕದ ಮಾತು, ವಿಮರ್ಶಕರ ಮಾತು. ಹೊಳೆಗೂ ಪಾತ್ರವಿದೆ, ದಾನ ಪಡೆಯುವವನೂ ಪಾತ್ರನೇ, ಹೀಗಾಗಿ ಅದರ ಗಾಂಭೀರ್ಯ ಸ್ವಲ್ಪ ಜಾಸ್ತಿ. ಪಾರ್ಟಿನ ರೀತಿಯೇ ಬೇರೆ. ಅದನ್ನು ಮೇಷ್ಟ್ರು ಕೊಡುತ್ತಾರೆ, ಆಸಾಮಿ ತಗೊಳ್ಳುತ್ತಾನೆ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾನೆ, ಬಾಯಿಪಾಠ ಮಾಡುತ್ತಾನೆ. ವೇಷವನ್ನು ಯಾರೂ ಬರೆದುಕೊಳ್ಳುವುದಿಲ್ಲ. ಪಾರ್ಟು ಎಂದರೆ ಮೊದಲು ಒಂದು ಕಾಗದ.

ಸ್ವಾರಸ್ಯ ಇರುವುದೇ ಇಲ್ಲಿ. ಇಂಗ್ಲಿಷಿನಲ್ಲೂ ಅದು ಮೊದಲು ಕಾಗದವೇ ಆಗಿತ್ತು.

ಷೇಕ್ಸ್‌ಪಿಯರನ ಕಾಲದ ಲಂಡನ್ನಿನಲ್ಲಿ ನಟನ ಕೈಗೆ ಇಡೀ ನಾಟಕ ಕೊಡುವ ಪದ್ಧತಿ ಇರಲಿಲ್ಲ. ಎಲ್ಲರಿಗೂ ಪೂರ್ತಿ ಪ್ರತಿ ಕೈಯಲ್ಲಿ ಬರೆಸುವುದು ದುಬಾರಿ. ಬರೆಸಿ ಕೊಟ್ಟರೆ ಬೇರೆ ಕಂಪನಿಗೆ ಕದ್ದು ಮಾರುವ ಭಯ. ಅದಕ್ಕೆ ಒಬ್ಬೊಬ್ಬನಿಗೂ ಅವನ ಮಾತುಗಳನ್ನಷ್ಟೇ ನಕಲು ಮಾಡಿ ಕೊಡುತ್ತಿದ್ದರು. ಅವನ ಮಾತಿಗೆ ಮುಂಚೆ ಎದುರಿನವನು ಆಡುವ ಕೊನೆಯ ಎರಡು ಮೂರು ಪದ ಮಾತ್ರ ಅದರಲ್ಲಿರುತ್ತಿದ್ದವು. ಆ ನಕಲಿಗೇ 'ಪಾರ್ಟ್' ಎಂದು ಹೆಸರು. ಎಡ್ವರ್ಡ್ ಅಲೆನ್ ಎಂಬ ಹೆಸರಾಂತ ನಟ ರಾಬರ್ಟ್ ಗ್ರೀನನ ನಾಟಕವೊಂದರಲ್ಲಿ ಒರ್ಲ್ಯಾಂಡೋ ಆಗಿ ಆಡಲು ಬಳಸಿದ ಪಾರ್ಟು ಲಂಡನ್ನಿನ ಡಲ್ವಿಚ್ ಕಾಲೇಜಿನಲ್ಲಿ ಇಂದಿಗೂ ಇದೆ. ಕಾಗದದ ಪಟ್ಟಿಗಳನ್ನು ಅಂಟಿಸಿ ಮಾಡಿದ ಸುರುಳಿ ಅದು. ಆ ಕಾಲದ ಇಂಗ್ಲಿಷ್ ವೃತ್ತಿ ರಂಗಭೂಮಿಯಿಂದ ಉಳಿದು ಬಂದಿರುವ ನಟನ ಪಾರ್ಟು ಅದೊಂದೇ. ಕಾಲೇಜನ್ನು 1619ರಲ್ಲಿ ಸ್ಥಾಪಿಸಿದವನೂ ಅಲೆನ್ನನೇ ಆದ್ದರಿಂದ ಅವನ ಕಾಗದಪತ್ರಗಳ ಜೊತೆ ಅದೂ ಬದುಕಿಕೊಂಡಿತು. ಪದಪಟ್ಟಿಯಲ್ಲಿ ಪಾರ್ಟಿನ ಪಕ್ಕದಲ್ಲಿ ಕೂರುವ 'ರೋಲ್' ಎಂಬ ಪದದ ಮೂಲವೂ ಫ್ರೆಂಚರ ಇಂಥ ಸುರುಳಿಯೇ.

ಇಂದಿನ ಇಂಗ್ಲಿಷರಲ್ಲಿ ಹೆಚ್ಚಿನವರಿಗೆ ಈ ಕಾಗದ ಮರೆತಿದೆ. ಅವರಿಗೆ ಪಾರ್ಟ್ ಎಂದರೆ ಪಾತ್ರ, ಭಾಗ, ಅಷ್ಟೇ. ಹಳೇ ಮೈಸೂರು ಸೀಮೆಯ ಪೌರಾಣಿಕ ನಾಟಕದವರಿಗೆ ಮಾತ್ರ ಅದು ಮರೆತಿಲ್ಲ. 'ಕುರುಕ್ಷೇತ್ರ' ಆಡಬೇಕೆಂದು ಊರಿನವರು ತೀರ್ಮಾನಿಸಿದರೆ ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಸಮೇತ ಬಂದು ಕೂರುತ್ತಾರೆ. ಸಂಜೆ ಹೊಲದ ಕೆಲಸ ಮುಗಿಸಿ ಬಂದವರಿಗೆ ಅವರವರ ಮಾತು, ಅವರವರ ಕಂದಪದ್ಯ, ಎದುರಿನವನ ಕೊನೇ ಮಾತು ಹೇಳಿ ಬರೆಸುತ್ತಾರೆ. ಕರ್ಣನ ಪಾರ್ಟಿನವನಿಗೆ ಅಶ್ವತ್ಥಾಮನ ಪಾರ್ಟಿನಲ್ಲಿ ಏನಿದೆ ಎಂಬುದು ಪ್ರಾಕ್ಟೀಸಿನ ಹೊತ್ತಿಗೇ ಗೊತ್ತಾಗುವುದು. ಈಗ ಕೆಲವು ಕಡೆ ಪಾರ್ಟು ಮೊಬೈಲಿಗೆ ಫೋಟೋ ಆಗಿ ಬರುತ್ತದೆ, ಹಾಡಿನ ಮಟ್ಟು ವಾಟ್ಸ್ಆ್ಯಪ್‌ನಲ್ಲಿ ಧ್ವನಿಯಾಗಿ ಬರುತ್ತದೆ. ಪದ್ಧತಿ ಮಾತ್ರ ಅಲೆನ್ನನ ಕಾಲದ್ದೇ.

ಈ ಪಾರ್ಟುಗಳಿಗೆ ಬೆಲೆಯೂ ಉಂಟು. ಪಾರ್ಟು ಮಾಡುವವನೇ ದುಡ್ಡು ಕಟ್ಟಬೇಕು. ದುರ್ಯೋಧನನಿಗೂ ಕೃಷ್ಣನಿಗೂ ಹೆಚ್ಚು, ದೂತನಿಗೆ ಕಡಿಮೆ. ಆಸೆಯವರು ಹೆಚ್ಚಾದರೆ ಪಾರ್ಟನ್ನೇ ಸೀಳುತ್ತಾರೆ. ಗೋಡೆಗೆ ಅಂಟಿಸಿದ ಪೋಸ್ಟರಿನಲ್ಲಿ 1ನೇ ಕೃಷ್ಣ, 2ನೇ ಕೃಷ್ಣ ಎಂದು ಎರಡು ಹೆಸರು ಕಂಡರೆ ಹೊರಗಿನವರು ಬೆಚ್ಚುತ್ತಾರೆ, ಊರವರು ಬೆಚ್ಚುವುದಿಲ್ಲ. ರಾಯಭಾರಕ್ಕೆ ಹೋದ ಕೃಷ್ಣ ಯುದ್ಧಕ್ಕೆ ಬರುವಷ್ಟರಲ್ಲಿ ಒಂದು ಗೇಣು ಕುಳ್ಳಗಾಗಿದ್ದರೂ ನಾಟಕ ನಿಲ್ಲುವುದಿಲ್ಲ.

ಪಾರ್ಟಿನ ಆಸೆಯನ್ನು ಷೇಕ್ಸ್‌ಪಿಯರನಷ್ಟು ಚೆನ್ನಾಗಿ ಕಂಡವರು ಕಡಿಮೆ. 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್'ನಲ್ಲಿ ಬಡಗಿ, ನೇಕಾರ, ದರ್ಜಿ, ತಿದಿ ರಿಪೇರಿಯವನು ಎಲ್ಲ ಸೇರಿ ದೊರೆಯ ಮದುವೆಗೆ ನಾಟಕ ಕಟ್ಟುತ್ತಾರೆ. ಬಡಗಿ ಪಾರ್ಟು ಹಂಚುತ್ತಾನೆ. ನೇಕಾರನಿಗೆ ತನ್ನದು ಸಾಲದು, ಹೆಣ್ಣಿನ ಪಾರ್ಟೂ ಬೇಕು, ಸಿಂಹದ ಪಾರ್ಟೂ ಬೇಕು. ಹೆಣ್ಣಿನ ಪಾರ್ಟು ಬಿದ್ದ ಹುಡುಗ ತನಗೆ ಗಡ್ಡ ಬರುತ್ತಿದೆ ಎಂದು ಗೊಣಗುತ್ತಾನೆ. ಮುಂದೆ ಎದುರಿನವನ ಮಾತಿಗೂ ಕಾಯದೆ ತನ್ನ ಕಾಗದದಲ್ಲಿದ್ದುದನ್ನೆಲ್ಲ ಒಂದೇ ಉಸಿರಿಗೆ ಓದಿಬಿಡುತ್ತಾನೆ. ಎಂ.ಎಲ್. ಶ್ರೀಕಂಠೇಶಗೌಡರು ಈ ನಾಟಕವನ್ನು 'ಪ್ರಮೀಳಾರ್ಜುನೀಯ'ವಾಗಿ ಕನ್ನಡಕ್ಕೆ ತಂದರು. ಆದರೂ ಆ ಬಡಗಿ, ನೇಕಾರರ ದೃಶ್ಯ ಯಾವ ಅನುವಾದವೂ ಇಲ್ಲದೆ ಮಂಡ್ಯದ ಹಳ್ಳಿಯಲ್ಲಿ ನಡೆಯಬಲ್ಲದು.

ಕನ್ನಡಕ್ಕೆ ಈ ಪದವನ್ನು ಹೊತ್ತು ತಂದದ್ದು ಕಂಪನಿ ನಾಟಕ. 1880ರ ದಶಕದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿ ನಾಟಕ ಸಭೆ ಬೆಳೆಯಿತು, 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿತು. ಕಂಪನಿ, ಡ್ರಾಮಾ, ಸೀನು, ಸೀನರಿ, ಒನ್ಸ್‌ಮೋರ್ ಎಲ್ಲವೂ ಆ ಗಾಡಿಯಲ್ಲೇ ಊರೂರು ಸುತ್ತಿದವು. ಗಂಡಸರೇ ಹೆಣ್ಣಾಗುತ್ತಿದ್ದ ಕಾಲ ಅದು. ನೂರಮೂರು ವರ್ಷ ಬಾಳಿದ ಏಣಗಿ ಬಾಳಪ್ಪನವರೂ ಹುಡುಗತನದಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾದವರು. ಗಡಿಯಾಚೆಯ ಕನ್ನಡಿಗರಿಗೂ ಈ ಗಾಡಿಯಲ್ಲಿ ಜಾಗವಿತ್ತು. ಈಗ ಈರೋಡ್ ಜಿಲ್ಲೆಗೆ ಸೇರಿರುವ ತಾಳವಾಡಿಯ ಗಾಜನೂರಿನ ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ನಟ. ಅವರ ಹಿಂದೆ ಮಗ ಮುತ್ತುರಾಜನೂ ಹೋದ. 1954ರ 'ಬೇಡರ ಕಣ್ಣಪ್ಪ'ದಿಂದ ಅವನು ರಾಜ್‌ಕುಮಾರ್.

ತಮಿಳರು ಈ ಪದವನ್ನು ಇನ್ನೂ ಒಂದು ಹೆಜ್ಜೆ ಮುಂದೆ ಕೊಂಡುಹೋದರು. ಅವರ ಸ್ಪೆಷಲ್ ನಾಟಕದಲ್ಲಿ ನಾಯಕ ರಾಜಪಾರ್ಟ್, ನಾಯಕಿ ಸ್ತ್ರೀಪಾರ್ಟ್. ಕಳ್ಳಪಾರ್ಟ್ ಎಂಬುದು ನಟನೊಬ್ಬನ ಹೆಸರಿನ ಮುಂದೆ ಬಿರುದಿನಂತೆ ಅಂಟಿಕೊಂಡಿತು: ಕಳ್ಳಪಾರ್ಟ್ ನಟರಾಜನ್. 1973ರಲ್ಲಿ ಶಿವಾಜಿ ಗಣೇಶನ್ ನಟಿಸಿದ ಸಿನಿಮಾದ ಹೆಸರೇ 'ರಾಜಪಾರ್ಟ್ ರಂಗದುರೈ'. ಸ್ಪೆಷಲ್ ನಾಟಕಕ್ಕೆ ಕಂಪನಿಯೂ ಇಲ್ಲ, ಪ್ರಾಕ್ಟೀಸೂ ಇಲ್ಲ. ನಟರನ್ನು ಒಬ್ಬೊಬ್ಬರನ್ನಾಗಿ ಗೊತ್ತುಮಾಡುತ್ತಾರೆ. ಅವರು ತಂತಮ್ಮ ಪಾರ್ಟು ಹೊತ್ತು ಬೇರೆ ಬೇರೆ ಊರಿನಿಂದ ಬಂದು ಅಂದಿನ ರಾತ್ರಿ ರಂಗದ ಮೇಲೇ ಜೊತೆಯಾಗುತ್ತಾರೆ. ಸಂಸ್ಕೃತದ ರಾಜನಿಗೆ ಇಂಗ್ಲಿಷಿನ ಪಾರ್ಟು ಗಂಟುಹಾಕಿ ಎರಡನ್ನೂ ತಮಿಳು ಮಾಡಿಬಿಟ್ಟ ಈ ಜಾಣತನ ಯಾವ ಪದಕೋಶ ಸಮಿತಿಗೂ ಹೊಳೆಯುವಂಥದ್ದಲ್ಲ.

ಅಂಚೆಟ್ಟಿಯ ಹುಡುಗರಿಗೆ ಇನ್ನೊಂದು ಪಾರ್ಟೂ ಗೊತ್ತು. 1980ರಲ್ಲಿ ಟಿವಿಎಸ್ 50 ಮೊಪೆಡ್ ಹೊರಬಂದ ಹೊಸೂರು ಇವತ್ತು ಕಾರ್ಖಾನೆಗಳ ಊರು. ಬೈಕು, ಲಾರಿಗಳಿಗೆ ಬಿಡಿಭಾಗ ಮಾಡುವ ಸಣ್ಣ ಘಟಕಗಳು ಅಲ್ಲಿ ಬೀದಿಬೀದಿಗೆ. ಒಂದೇ ಬಾಯಲ್ಲಿ ಎರಡು ಪಾರ್ಟು ಹೇಗೆ ಬಾಳುತ್ತವೆ ಎಂದು ಕಿವಿಗೊಟ್ಟರೆ ಆಡುಮಾತಿನ ಲೆಕ್ಕ ಸಿಗುತ್ತದೆ. ನಾಟಕದ್ದು 'ಪಾರ್ಟು', ಗಾಡಿಯದ್ದು 'ಪಾರ್ಟ್ಸು', ಒಂದೇ ಇದ್ದರೂ ಪಾರ್ಟ್ಸು. "ಒಂದು ಪಾರ್ಟ್ಸು ಸಿಗ್ತಿಲ್ಲ" ಎನ್ನುವ ಮೆಕ್ಯಾನಿಕ್ಕನ ಏಕವಚನವನ್ನು ಇಂಗ್ಲಿಷ್ ಮೇಷ್ಟ್ರು ತಿದ್ದಬಹುದು. ತಿದ್ದಿಸಿಕೊಂಡು ಅವನು "ಒಂದು ಪಾರ್ಟು ಸಿಗ್ತಿಲ್ಲ" ಎಂದರೆ, ಗಾಡಿ ಬಿಡಿಸಿಕೊಳ್ಳಲು ಬಂದವನು ಯಾವ ನಾಟಕ ಅಂತ ಕೇಳಿಯಾನು.